ಕಪ್ಪಿಗೆ ಅಡ್ಡ ಬಂದ ಹೋಳಿಗಿ

ನಮ್ಮ ಕಡೆ ಕ್ರಿಕೆಟ್ ಮ್ಯಾಚ್ ಅಂದ್ರ ಮೊದ್ಲ ಊಟ, ಆಮ್ಯಾಲೆ ಆಟ. ಹಿಂಗಾಗಿ ನಗಿಗೇನೂ ಕೊರತಿ ಇರಲಿಲ್ಲ. ನಾ ಇಳಕಲ್ ಟೀಮಿನ ಬೌಲರ್ ಆದೆ, ಮ್ಯಾನೇಜರ್ ಆದೆ, ಕಡೀಕ ಸಂಘದ ಸೆಕ್ರೆಟರಿನೂ ಆದೆ. ಹುನಗುಂದದವರನ್ನ ಸೋಲಿಸಿ ಒಮ್ಮೆರ ಕಪ್ ತರಬೇಕು ಅನ್ನೋದೊಂದ ಆಸೆ. ಅಡ್ಡ ಬಂದದ್ದು ಹೋಳಿಗಿ.

ಬೌಲರ್ ಇದ್ದಾಗ

ಎಪ್ಪತ್ತರ ದಶಕ. ಫೈನಲ್ ಆಡಾಕ ಹುನಗುಂದಕ್ಕ ಹೋದ್ವಿ. ಅವರ ಕ್ಯಾಪ್ಟನ್ ಮನ್ಯಾಗ ಊಟ. ಅವನ ತಾಯಿ ಬೀಗರಿಗೆ ಬಡಿಸಿದಂಗ ಬಡಿಸಿದ್ರು. ಸಾಕ್ರಿ ಅಂದ್ರ ಎರಡು ಹೋಳಿಗಿ ಬೀಳ್ತಿದ್ದವು, ಕೈ ಅಡ್ಡ ಹಿಡಿದ್ರ ಕೈಮ್ಯಾಲ ತುಪ್ಪ. ದೂರದಿಂದ ಓಡಿ ಬಂದು ಚೆಂಡು ಒಗಿಯೋ ನಾ, ಅವತ್ತು ನಿಂತಲ್ಲಿಂದನ ಒಗದೆ. ನಮ್ಮ ವಿಕೆಟ್ ಕೀಪರ್ ಕೇಳಿದ: "ಲೇ, ಈಗ ಬರೋದು ಚೆಂಡೋ, ಹೋಳಿಗಿಯೋ?"

ಸೋತ್ವಿ. ಆ ತಾಯಿ ದಾರಿಗಂತ ಮತ್ತ ಹೋಳಿಗಿ ಕಟ್ಟಿ ಕೊಟ್ರು. ಬಸ್ಸಿನ್ಯಾಗ ಅವನ್ನೂ ತಿಂದ್ವಿ.

ಮ್ಯಾನೇಜರ್ ಆದಮ್ಯಾಲೆ

ರಟ್ಟಿ ಸೋತು ಬೌಲಿಂಗ್ ಬಿಟ್ಟೆ. ಟೀಮಿನವರು ನನ್ನ ಬಿಡಲಿಲ್ಲ, ಮ್ಯಾನೇಜರ್ ಮಾಡಿದ್ರು. ಅವರ ಉಪಕಾರ ಮರಿಯಂಗಿಲ್ಲ. ಆ ಸಲ ಫೈನಲ್ ಇಳಕಲ್ಲಿನ್ಯಾಗ, ಊಟ ನಮ್ಮ ಮನ್ಯಾಗ. ಸೇಡು ತೀರಿಸ್ಕೋಬೇಕಂತ ಹೆಂಡತಿಗೆ ಹೇಳಿದೆ, ಹುನಗುಂದದವರಿಗೆ ಹೋಳಿಗಿ, ನಮ್ಮ ಹುಡುಗರಿಗೆ ಬರೇ ಮಜ್ಜಿಗಿ ಅನ್ನ.

"ಒಂದ ಪಂಕ್ತಿಯಾಗ ಭೇದ ಮಾಡಾಕ ನನ್ನ ಕೈಲೆ ಆಗಂಗಿಲ್ರಿ" ಅಂದ್ಲು. ಎರಡೂ ಟೀಮಿಗೆ, ಅಂಪೈರಿಗೂ ಬಡಿಸಿದ್ಲು.

ಮಧ್ಯಾಹ್ನ ಅಂಪೈರ್ ನೊಣ ಓಡಿಸಾಕ ಕೈ ಎತ್ತಿದ್ರು. ನಮ್ಮ ಬ್ಯಾಟ್ಸ್‌ಮನ್ ಔಟ್ ಅಂತ ತಿಳ್ಕೊಂಡು, ಬಂದು ಬೇವಿನ ಗಿಡದ ನೆಳ್ಳಾಗ ಮಲಗಿದ. ಎಬ್ಬಿಸಿದ್ರ, ಅಂಪೈರ್ ಮಾತು ಮೀರಬಾರದ್ರಿ ಅಂದು ಮಗ್ಗಲ ಬದಲಿಸಿದ. ಆ ಸಲನೂ ಸೋತ್ವಿ.

ಸೆಕ್ರೆಟರಿ ಆದಮ್ಯಾಲೆ

ಎಂಬತ್ತರ ದಶಕದಾಗ ಸೆಕ್ರೆಟರಿ ಆದೆ. ಮೊದಲ ಕಾನೂನು: ಮ್ಯಾಚ್ ಮುಗಿಯೋತನಕ ಊಟ ಇಲ್ಲ. ಮತ್ತ ನಮ್ಮೂರಾಗ ಹುನಗುಂದದವರ ಕೂಡ ಫೈನಲ್. ಗೆಲ್ಲಾಕ ಅವರಿಗೆ ಸ್ವಲ್ಪ ರನ್ ಸಾಕಿತ್ತು. ಅಷ್ಟರಾಗ ಬೇವಿನ ಗಿಡದ ಬುಡಕ ನನ್ನ ಹೆಂಡತಿ ಒಲಿ ಹೂಡಿ, ಹಂಚಿನ ಮ್ಯಾಲೆ ಹೋಳಿಗಿ ಹಾಕಿದ್ಲು. ಗಾಳಿ ಪಿಚ್ಚಿನ ಕಡೆ ಬೀಸ್ತು. ಹಸಿದ ಬ್ಯಾಟ್ಸ್‌ಮನ್ನರು ಲಗೂ ಮುಗಸ್ಬೇಕಂತ ಕಣ್ಣು ಮುಚ್ಚಿ ಬ್ಯಾಟ್ ಬೀಸಿದ್ರು. ಒಬ್ಬರ ಹಿಂದ ಒಬ್ಬರು ಔಟ್. ಕಡೀ ಬ್ಯಾಟ್ಸ್‌ಮನ್ ನೆಟ್ಟಗ ಒಲಿ ಕಡೆ ಬಂದ: "ಅಕ್ಕಾರ, ಎಲ್ಲಾರೂ ಔಟ್ ಆದ್ವಿ, ಬಡಸ್ರಿ."

ಕಪ್ ಹಿಡಿದಾಗ ನನ್ನ ಕಣ್ಣಾಗ ನೀರು ಬಂತು. ನಾ ಕಲಿಸಿದ ಬೌಲಿಂಗ್ ಇವತ್ತ ಫಲ ಕೊಡ್ತು ಅಂತ ಭಾಷಣ ಸುರು ಮಾಡಿದೆ. ಹೆಂಡತಿ ಹೋಳಿಗಿ ತಿರುವಿ ಹಾಕ್ತ ಅಂದ್ಲು: "ಆಗ್ಲಿ ಬಿಡ್ರಿ. ನೀವು ಓಡಿ ಓಡಿ ಕೆಡವಿದ ವಿಕೆಟ್ಟಿಗಿಂತ ನಾ ಕುಂತ ಕೆಡವಿದ್ದ ಹೆಚ್ಚು."

ಖರೇನ ಐತಿ. ಕಪ್ ಆಕಿ ಕೈಯಾಗ ಕೊಟ್ಟೆ. ಆಕಿ ಅದರ ತುಂಬ ತುಪ್ಪ ಹಾಕ್ಕೊಂಡು ಪಂಕ್ತಿಗೆ ಬಡಿಸಾಕ ಹೋದ್ಲು, ಮೊದಲ ಹುನಗುಂದದವರಿಗೆ.