ಹಿತ್ತಿಲಿಗೆ ಬಂದ ಜನಾಭಿಪ್ರಾಯ

ನಾನು ಉದಾರವಾದಿ ಎಂದು ಹೇಳಿಕೊಳ್ಳುವುದು ನನಗೆ ಮೊದಲಿನಿಂದಲೂ ಬಹಳ ಇಷ್ಟ. ಖರ್ಚಿಲ್ಲದ ಹವ್ಯಾಸ. ಶಿಕಾರಿಪುರದ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಹೇಳಿಕೊಡುವ ನಾನು ಈ ಸಲ ಮಕ್ಕಳಿಗೆ, ‘ಗಾಂಜಾವನ್ನು ಕಾನೂನುಬದ್ಧ ಮಾಡಬಹುದೇ?’ ಎಂದು ಊರಲ್ಲಿ ಜನಾಭಿಪ್ರಾಯ ಕೇಳಿಕೊಂಡು ಬರಲು ಹೇಳಿದೆ. ಮಾದರಿಗೆಂದು ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ನಾನೇ ಮೊದಲು ಕೇಳಿದೆ. ಅಂಗಡಿಯವನು ನಾಲ್ಕು ಜನರ ಎದುರಿಗೆ, ‘ಛೇ ಛೇ, ಊರು ಹಾಳಾಗ್ತೈತ್ರೀ ಸರ್’ ಎಂದ. ಜನ ಚದುರಿದ ಮೇಲೆ ಲೋಟ ಎತ್ತಿಕೊಳ್ಳುತ್ತಾ, ‘ಅಕಸ್ಮಾತ್ ಆತು ಅಂದ್ರ, ಲೈಸೆನ್ಸ್ ಚಹಾದಂಗಡಿಗೂ ಕೊಡ್ತಾರಾ?’ ಎಂದು ವಿಚಾರಿಸಿದ. ಇಂಥ ಎರಡು ನಾಲಿಗೆಯ ಜನರನ್ನು ಸ್ಟಾಫ್ ರೂಮಿನಲ್ಲಿ ಚೆನ್ನಾಗಿ ಬೈದು, ನಾನಂತೂ ಕಾನೂನು ಸಡಿಲಿಸಬೇಕು ಎನ್ನುವವನು, ಯಾರಿಗೂ ಹೆದರುವವನಲ್ಲ ಎಂದು ಭಾಷಣ ಮಾಡಿ ಮನೆಗೆ ಬಂದೆ.

ಅಪರೂಪಕ್ಕೆ ಹಿತ್ತಿಲಿಗೆ ಹೋಗಿ ಕೈಕಾಲು ತೊಳೆಯುವಾಗ ಕಂಡಿತು. ಬಚ್ಚಲ ನೀರು ಹರಿಯುವಲ್ಲಿ ಸೊಂಟದೆತ್ತರದ ನಾಲ್ಕು ಗಿಡ. ಬೆರಳು ಬಿಡಿಸಿದಂಥ ಎಲೆ, ಅಂಚಿಗೆಲ್ಲ ಗರಗಸದ ಹಲ್ಲು. ಮಕ್ಕಳಿಗೆ ಕೊಟ್ಟ ಪ್ರಶ್ನಾವಳಿಯ ಮೇಲೆ ನಾನೇ ಅಂಟಿಸಿದ ಗಾಂಜಾ ಚಿತ್ರದ ಪಡಿಯಚ್ಚು. ಕೇಳೋಣವೆಂದರೆ ಹೆಂಡತಿ ಅಂಜನಾಪುರದ ತವರಿಗೆ ಹೋಗಿದ್ದಳು. ಮೆಕ್ಕೆಜೋಳದ ನಡುವೆ ಗಾಂಜಾ ಬೆಳೆದವರನ್ನು ಹಿಡಿದ ಸುದ್ದಿ ನಮ್ಮ ಕಡೆ ಆಗಾಗ ಪೇಪರಿನಲ್ಲಿ ಬರುತ್ತದೆ. ಆ ಸುದ್ದಿಯ ಪಕ್ಕದಲ್ಲಿ ನನ್ನ ಫೋಟೋ ಇರುವುದು ಕಣ್ಣಿಗೆ ಕಟ್ಟಿತು. ನನ್ನ ಉದಾರವಾದ ಅಲ್ಲೇ ಬೆವರಿತು. ಗಿಡಗಳನ್ನು ಬುಡಸಮೇತ ಕಿತ್ತು ಬಚ್ಚಲ ಒಲೆಗೆ ತುರುಕಿದೆ. ಹಸಿ ಸೊಪ್ಪು ಎಲ್ಲಿ ಉರಿಯುತ್ತದೆ? ಹೊಗೆ ಕೇರಿಗೆಲ್ಲ ಹಬ್ಬಿತು. ಪಕ್ಕದ ಮನೆಯ ಬಸಪ್ಪನವರು, ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತರಾದವರು, ಬೇಲಿಯ ಮೇಲಿಂದ ಇಣುಕಿ, ‘ಏನ್ ಸುಡಾಕತ್ತೀರಿ ಸರ್?’ ಎಂದರು.

‘ನಂಗೇನೂ ಗೊತ್ತಿಲ್ಲ ಮಾರಾಯ್ರೇ,’ ಹುಟ್ಟೂರು ಸೊರಬದ ನನ್ನ ಬಾಯಿ ತಾನಾಗಿ ತೆರೆಯಿತು, ‘ಈ ಗಾಂಜಾ ಎಲ್ಲಾ ನನ್ನ ಹೆಂಡ್ತೀನೇ ನೆಟ್ಟಿದ್ದು.’

ಬಸಪ್ಪನವರು ಒಳಗೆ ಬಂದು, ಅರ್ಧ ಬಾಡಿದ ಟೊಂಗೆಯೊಂದನ್ನು ಎಳೆದು, ಎಲೆ ಕಿತ್ತು ಬಾಯಿಗೆ ಹಾಕಿಕೊಂಡು ಅಗಿದರು. ‘ಹುಳಿ ಐತಿ. ಪುಂಡಿ ಸೊಪ್ಪು ರೀ ಇದು. ನಿಮ್ಮನಿಯವರಿಗೆ ಬೀಜ ಕೊಟ್ಟಾಂವ ನಾನೇ.’

ಮದುವೆಯಾದ ಹದಿನಾರು ವರ್ಷದಿಂದ ನಾನು ಪುಂಡಿ ಪಲ್ಯ ಚಪ್ಪರಿಸಿ ತಿಂದಿದ್ದೇನೆ. ಆದರೆ ಸೊರಬದ ನಮ್ಮ ಮನೆಯಲ್ಲಿ ಅದನ್ನು ಬೆಳೆಯುತ್ತಿರಲಿಲ್ಲ. ನನಗೆ ಅದರ ಪರಿಚಯ ಆಗಿದ್ದೇ ಬೆಂದ ಮೇಲೆ, ರೊಟ್ಟಿಯ ಪಕ್ಕದಲ್ಲಿ.

ಹೆಂಡತಿ ಬಸ್ಸಿಳಿದು ಬರುವಷ್ಟರಲ್ಲೇ ಬಸಪ್ಪನವರು ಅಕ್ಷರ ಬಿಡದೆ ವರದಿ ಒಪ್ಪಿಸಿದ್ದರು. ಅವಳು ತಟ್ಟೆಗೆ ಬರೀ ರೊಟ್ಟಿ ಹಾಕಿ, ಎದುರಿಗೆ ಕೂತು ಕೇಳಿದಳು: ‘ಹೋಗ್ಲಿ, ಪೊಲೀಸ್ರು ನನ್ನ ಹಿಡಕೊಂಡು ಹೋಗಿದ್ರ, ಬಿಡಿಸ್ಕೊಂಡು ಬರಾಕಾದ್ರೂ ಬರ್ತಿದ್ರೇನು?’

‘ಬರ್ತಿದ್ದೆ ಕಣೇ’ ಎಂದೆ. ಹಾಗೆನ್ನುವ ಮೊದಲು ಒಂದು ಕ್ಷಣ ಯೋಚಿಸಿದ್ದೆ. ಅದನ್ನು ಅವಳು ನೋಡಿಬಿಟ್ಟಳು.