ತರಗೆಲೆಯಲ್ಲಿ ಬಿದ್ದ ಅಳಿಯ

ಅತ್ತೆ ಸಂಜೆ ನಾಲ್ಕಕ್ಕೆ ಬರುವವರಿದ್ದರು. ಅಂಗಳದ ತುಂಬ ತರಗೆಲೆ. ಅಂಚೆ ಕಚೇರಿಯ ಗುಮಾಸ್ತರ ಭಾನುವಾರ ಹಾಳಾಗಲು ಇಷ್ಟು ಸಾಕಾಯಿತು.

“ಒಂದೇ ಒಂದು ಎಲೆ ಕಾಣಬಾರದು ನೋಡಿ,” ಎಂದು ಹೆಂಡತಿ ಪೊರಕೆ ಕೈಗಿತ್ತಳು. “ಹೋದ ಸಲ ಅಮ್ಮ ಕಿಟಕಿ ಮೇಲೆ ಬೆರಳಾಡಿಸಿ ನೋಡಿದ್ದು ನೆನಪಿದೆ ತಾನೆ?”

ನೆನಪಿಲ್ಲದೆ ಏನು! ಧೂಳು ಮೆತ್ತಿದ ಆ ಬೆರಳು ಆಮೇಲೆ ತಿರುಗಿದ್ದು ಅವರ ಕಡೆಗೇ. ಎರಡೇ ದಿನಕ್ಕೆಂದು ಬರುವ ಅತ್ತೆ ಅವರಿಗೆ ತಪಾಸಣೆಗೆ ಬರುವ ಮೇಲಧಿಕಾರಿಗಿಂತ ಭಯಂಕರ.

ಗೊಣಗುತ್ತಲೇ ಗುಡಿಸತೊಡಗಿದರು. ನಾಲ್ಕು ಸಲ ಪೊರಕೆ ಆಡಿದ್ದೇ ತಡ, ಎಲೆಗಳ ಸರಸರ ಸದ್ದು ಕಿವಿಯೊಳಗೆ ಇಳಿಯಿತು. ಬಿಸಿಲಿಗೆ ಕಾದ ಎಲೆಯ ವಾಸನೆ ಮೂಗಿಗೆ ಬಂತು. ಎಂಟು ವರ್ಷದವರಿದ್ದಾಗ ಅವರೂ ಅಕ್ಕನೂ ಹಿತ್ತಲಲ್ಲಿ ಹೀಗೇ ಗುಡ್ಡೆ ಹಾಕಿ, ಒಂದು ಎರಡು ಮೂರು ಎಣಿಸಿ ಅದರೊಳಕ್ಕೆ ಹಾರುತ್ತಿದ್ದರು. ಅಕ್ಕ ಯಾವಾಗಲೂ ಎರಡಕ್ಕೇ ಹಾರಿಬಿಡುತ್ತಿದ್ದಳು. ಕೇಳಿದರೆ, “ಮೂರು ಎಣಿಸೋದು ನಿನ್ನ ಕೆಲಸ ಕಣೋ!” ಎನ್ನುತ್ತಿದ್ದಳು.

ಗುಡ್ಡೆ ಸೊಂಟದೆತ್ತರ ಬೆಳೆಯಿತು. ಗುಮಾಸ್ತರು ಆ ಕಡೆ ನೋಡಿದರು, ಈ ಕಡೆ ನೋಡಿದರು. ವಯಸ್ಸು ನಲವತ್ತೇಳು, ಹೊಟ್ಟೆ ಅದಕ್ಕಿಂತ ಹತ್ತು ವರ್ಷ ದೊಡ್ಡದು. ಇರಲಿ ಎಂದು ಹಾರಿಯೇಬಿಟ್ಟರು.

ಆಹಾ! ಎಲೆಗಳು ಗರಗರ ಎನ್ನುತ್ತ ಮುಖದವರೆಗೂ ಮುಚ್ಚಿಕೊಂಡವು. ಗುಮಾಸ್ತರು ಕಣ್ಣು ಮುಚ್ಚಿ, ಹಾಲು ಕುಡಿದ ಕೂಸಿನಂತೆ ಮಲಗಿದರು. ಹೊರಗೆ ಉಳಿದದ್ದು ಎರಡು ಪಾದ ಮಾತ್ರ.

ಆ ಪಾದಗಳು ಪಕ್ಕದ ಮನೆಯ ನಿವೃತ್ತ ಕಾಂಪೌಂಡರ ಕಣ್ಣಿಗೆ ಬಿದ್ದವು.

“ಅಯ್ಯಯ್ಯೋ, ಬನ್ರಪ್ಪಾ! ಗುಮಾಸ್ತರು ಬಿದ್ದೋದ್ರು!”

ಕೂಗುತ್ತಲೇ ಬಂದವರು ನಾಡಿ ಹಿಡಿದರು. ಎದುರುಮನೆಯ ಟೈಲರಮ್ಮ ಕೊರಳಲ್ಲಿ ಟೇಪು ನೇತಾಡಿಸಿಕೊಂಡೇ ಓಡಿಬಂದು ಅಂಗಾಲು ತಿಕ್ಕತೊಡಗಿದರು. ಕಚಗುಳಿ ತಡೆಯಲಾರದೆ ಗುಮಾಸ್ತರು ಕಿಲಕಿಲ ನಕ್ಕರು.

“ತಲೆಗೇ ಏಟು ಬಿದ್ದಿದೆ,” ಎಂದರು ಕಾಂಪೌಂಡರು.

“ಬಿದ್ದಿಲ್ಲ ಸಾರ್, ನಾನೇ ಹಾರಿದ್ದು!”

“ಪಾಪ, ಏನೇನೋ ಬಡಬಡಿಸ್ತಿದಾರೆ,” ಎಂದ ಟೈಲರಮ್ಮ ತಮ್ಮ ಟೇಪನ್ನೇ ಅವರ ಹಣೆಗೆ ಬಿಗಿದು ಕಟ್ಟಿದರು. ಗಾಬರಿಯಾದ ಹೆಂಡತಿ ಒಂದು ಬಕೆಟ್ ನೀರು ತಂದು ದಬದಬ ಸುರಿದಳು.

ಆಗಲೇ ಗೇಟು ಕಿರ್ರೆಂದಿತು. ಅತ್ತೆ ಒಂದು ಗಂಟೆ ಮೊದಲೇ ಬಂದಿದ್ದರು.

“ಏನಿದು?”

“ಅಳಿಯಂದ್ರು ಬಿದ್ದುಬಿಟ್ರು,” ಎಂದರು ಕಾಂಪೌಂಡರು.

ಸುಮ್ಮನೆ ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಅಷ್ಟು ಚೆಂದದ ಹಾರಾಟವನ್ನು ಬೀಳುವುದು ಅನ್ನಲು ಗುಮಾಸ್ತರಿಗೆ ಮನಸ್ಸು ಬರಲಿಲ್ಲ.

“ಇಲ್ಲ ಅತ್ತೆ, ಹಾರಿದೆ. ಚಿಕ್ಕೋನಿದ್ದಾಗ ಹಾರ್ತಿದ್ದೆ... ಆಸೆ ಆಯ್ತು.”

ಹೆಂಡತಿ ಕಣ್ಣು ಮುಚ್ಚಿಕೊಂಡಳು. ಅತ್ತೆ ಕೈಚೀಲವನ್ನು ಮಗಳಿಗೂ ಕನ್ನಡಕವನ್ನು ಕಾಂಪೌಂಡರಿಗೂ ಕೊಟ್ಟರು.

“ಸ್ವಲ್ಪ ಪಕ್ಕಕ್ಕೆ ಬನ್ನಿ.”

ಗುಮಾಸ್ತರು ಸರಿದರು. ಅತ್ತೆ ನಾಲ್ಕು ಹೆಜ್ಜೆ ಹಿಂದೆ ಹೋಗಿ, ಓಡಿಬಂದು, ಧೊಪ್ಪನೆ ಹಾರಿದರು! ಗುಡ್ಡೆಯೊಳಗಿಂದ ಪುಟ್ಟ ಹುಡುಗಿಯ ನಗು ಕೇಳಿಸಿತು.

ಆಮೇಲೆ ಟೈಲರಮ್ಮ ಹಾರಿದರು. “ಏಟಾಗುತ್ತಾ ಅಂತ ಪರೀಕ್ಷೆ ಮಾಡ್ಬೇಕಲ್ಲ,” ಎಂದು ಕಾಂಪೌಂಡರೂ ಹಾರಿದರು. ಕೊನೆಗೆ ಹೆಂಡತಿಯೂ. ಸಂಜೆಯ ಹೊತ್ತಿಗೆ ಅಂಗಳದಲ್ಲಿ ಎರಡು ಎಲೆ ಒಟ್ಟಿಗಿರಲಿಲ್ಲ.

ಗುಮಾಸ್ತರಿಗೆ ಎಂದೂ ಇಲ್ಲದ ಧೈರ್ಯ ಬಂತು. “ಅಂಗಳ ಗಲೀಜಾಯ್ತು ಅಂತ ಬೇಜಾರಿಲ್ಲ ತಾನೆ ಅತ್ತೆ?”

“ಬೇಜಾರ್ಯಾಕೆ?” ಅತ್ತೆ ತಲೆಯೆತ್ತಿ ಮರ ನೋಡಿದರು. ಉದುರಬೇಕಾದ ಎಲೆ ಇನ್ನೂ ಮುಕ್ಕಾಲು ಪಾಲು ಮೇಲೇ ಇತ್ತು. “ಇದೆಲ್ಲ ಉದುರೋವರೆಗೂ ನಾನಿಲ್ಲಿಂದ ಹೋಗೋದಿಲ್ಲ. ನಾಳೆ ಗುಡ್ಡೆ ಇನ್ನೊಂದು ಮೊಳ ಎತ್ತರ ಇರ್ಲಿ ಅಳಿಯಂದ್ರೇ. ಇವತ್ತಿಂದು ಸ್ವಲ್ಪ ಕುಳ್ಳಾಯ್ತು.”