ನಮ್ಮ ರೆಕ್ಟರ್ ಸ್ವಾಮಿಯವರ ಕ್ಷೌರ

ಹರಿಹರದ ಕ್ಷೌರದ ಅಂಗಡಿಯವರೆಲ್ಲ ಒಟ್ಟಾಗಿ ಯಾರ ಮೇಲಾದರೂ ದಾವೆ ಹೂಡುವುದಾದರೆ, ಅದು ನಮ್ಮ ರೆಕ್ಟರ್ ಸ್ವಾಮಿಯವರ ಮೇಲೆಯೇ! ಇದೇನು ಉತ್ಪ್ರೇಕ್ಷೆ ಎನ್ನುವವರು ಅವರ ತಲೆಯನ್ನೊಮ್ಮೆ ನೋಡಬೇಕಿತ್ತು. ಎಡಗಿವಿಯ ಮೇಲೆ ಒಂದಿಷ್ಟು ಬಯಲು, ನೆತ್ತಿಯ ಮೇಲೆ ಯಾರೋ ಅರ್ಧ ಕೊಯ್ದು ಬಿಟ್ಟುಹೋದ ಹುಲ್ಲು, ಹಿಂದೆ ಮೆಟ್ಟಿಲು ಮೆಟ್ಟಿಲಾಗಿ ಇಳಿದ ಕೂದಲು. ‘ಪಾಪ, ತಲೆಗೆ ಆಪರೇಷನ್ ಆಗಿರಬೇಕು’ ಎಂದುಕೊಂಡು ಜನ ಬಸ್ಸಿನಲ್ಲಿ ಎದ್ದು ಸೀಟು ಬಿಟ್ಟುಕೊಡುತ್ತಿದ್ದರು. ಸ್ವಾಮಿಯವರು ನಗುತ್ತಾ ಆ ಸೀಟನ್ನು ಪಕ್ಕದಲ್ಲಿ ನಿಂತ ಮುದುಕಿಗೆ ದಾಟಿಸುತ್ತಿದ್ದರು. ಆ ತಲೆಯ ಮೇಲೆ ಕತ್ತರಿ ಆಡಿಸಿದ ಮಹಾನುಭಾವರಲ್ಲಿ ನಾನೂ ಒಬ್ಬ ಎಂದು ಹೇಳಿಕೊಳ್ಳಲು ನನಗೆ ಇವತ್ತಿಗೂ ಹೆಮ್ಮೆ.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಗುರುಮಠವೆಂದರೆ, ಕಥೋಲಿಕ ಪಾದ್ರಿಗಳಾಗಬೇಕೆನ್ನುವ ಹುಡುಗರು ವರ್ಷಗಟ್ಟಲೆ ಒಟ್ಟಿಗಿದ್ದು ಓದುವ, ಪ್ರಾರ್ಥಿಸುವ, ಫುಟ್‌ಬಾಲ್ ಆಡುವ, ಪಾತ್ರೆ ತಿಕ್ಕುವ ಜಾಗ. ಎಲ್ಲದಕ್ಕೂ ಗಂಟೆ. ಏಳಲು ಗಂಟೆ, ಮಲಗಲು ಗಂಟೆ, ಸುಮ್ಮನಿರಲೂ ಗಂಟೆ! ಅದರ ಮುಖ್ಯಸ್ಥರೇ ರೆಕ್ಟರ್. ನಮ್ಮ ಗುರುಮಠ ಹರಿಹರದಿಂದ ಸ್ವಲ್ಪ ಹೊರಗೆ, ಭತ್ತದ ಗದ್ದೆಗಳ ನಡುವೆ ಇತ್ತು. ದಾವಣಗೆರೆಯ ವಿನೋಬನಗರದ ಗಲ್ಲಿಯಿಂದ ನಾನು ಪಿ.ಯು.ಸಿ. ಮುಗಿಸಿ ಅಲ್ಲಿಗೆ ಸೇರಿದೆ. ನಾನು ಸೇರಿದೆ ಎನ್ನುವುದಕ್ಕಿಂತ ನಮ್ಮವ್ವ ಸೇರಿಸಿದಳು ಎನ್ನಬೇಕು. ನಾನು ಹೊಟ್ಟೆಯಲ್ಲಿದ್ದಾಗ ಏನೋ ತೊಂದರೆಯಾಗಿ, ಡಾಕ್ಟರು ಕೈಚೆಲ್ಲಿದ್ದರಂತೆ. ಅವ್ವ ಮರಿಯ ಮಾತೆಗೆ, “ಇದು ಉಳಿದ್ರೆ ನಿನ್ನ ಮಗನ ಪೂಜೆಗೇ ಬಿಡ್ತೀನಿ ತಾಯಿ” ಎಂದು ಹರಕೆ ಹೊತ್ತಳು. ನಾನು ಉಳಿದೆ. ನನ್ನನ್ನು ಒಂದು ಮಾತೂ ಕೇಳದೆ ಮುಗಿದುಹೋದ ಒಪ್ಪಂದ! ಎದುರು ಮನೆಯ ಗೌರಮ್ಮಜ್ಜಿಯಿಂದ ಹಿಡಿದು ಹಾಲು ಹಾಕುವವನ ತನಕ ಇಡೀ ಗಲ್ಲಿಗೆ ನಾನು ಚಡ್ಡಿ ಹಾಕುವ ಕಾಲಕ್ಕೇ ‘ಸ್ವಾಮಿ’ ಆಗಿದ್ದೆ. ಅವ್ವನಂತೂ ನನ್ನನ್ನು ದೇವರ ಸಾಮಾನು ಎಂಬಂತೆ ಜೋಪಾನ ಮಾಡಿದಳು.

ಈಗ ಕ್ಷೌರಕ್ಕೆ ಬರೋಣ. ಗುರುಮಠದಲ್ಲಿ ಹುಡುಗರೇ ಒಬ್ಬರಿಗೊಬ್ಬರು ಕೂದಲು ಕತ್ತರಿಸಿಕೊಳ್ಳುವುದು ಹಳೆಯ ಪದ್ಧತಿ. ಬೇರೆ ಕಡೆ ಹೊಸಬನ ಕೈಗೆ ಇನ್ನೊಬ್ಬ ಹೊಸಬನ ತಲೆ ಸಿಗುತ್ತದೆ. ನಮ್ಮಲ್ಲಿ ಹಾಗಲ್ಲ. ಪ್ರತಿಯೊಬ್ಬ ಹೊಸಬನೂ ಮೊದಲು ಕತ್ತರಿ ಇಡಬೇಕಾದದ್ದು ರೆಕ್ಟರ್ ಸ್ವಾಮಿಯವರ ತಲೆಗೆ! ಶನಿವಾರ ಮಧ್ಯಾಹ್ನ ಬೇವಿನ ಮರದ ಕೆಳಗೆ ಕುರ್ಚಿ ಹಾಕಿಕೊಂಡು, ಹಳೆ ಪಂಚೆ ಹೊದ್ದು, ಕೈಯಲ್ಲಿ ಜಪಸರ ಹಿಡಿದು ಕೂತುಬಿಡುತ್ತಿದ್ದರು. ಆ ಜಪ ಭಕ್ತಿಯದೋ ಭಯದ್ದೋ ಎಂದು ನಮಗೆ ಅನುಮಾನ.

“ಫಾದರ್, ನಂಗೆ ಬರಲ್ಲ” ಎಂದೆ ನಾನು.

“ಎಲ್ಲಾ ಬರಂಗಿದ್ರೆ ಇಲ್ಲಿಗ್ಯಾಕ ಬರ್ತಿದ್ದೆಪಾ? ಹಿಡಿ ಕತ್ತರಿ.”

“ಎಲ್ಲಿಂದ ಶುರು ಮಾಡ್ಲಿ?”

“ಕಿವಿ ಒಂದು ಬಿಟ್ಟು ಎಲ್ಲಿಂದಾದ್ರೂ ಮಾಡು.”

ಕತ್ತರಿ ಹಿಡಿದು ಶುರುಮಾಡಿದೆ. ಒಂದು ಕಡೆ ಜಾಸ್ತಿಯಾಯಿತೆಂದು ಇನ್ನೊಂದು ಕಡೆ ಸರಿಮಾಡಿದೆ. ಅಲ್ಲಿ ಜಾಸ್ತಿಯಾಯಿತೆಂದು ಮತ್ತೆ ಈ ಕಡೆ. ಕೊನೆಗೆ ಹಿಂದುಗಡೆ ಒಂದು ಅಂಗೈಯಗಲ ಬೋಳು ಕಾಣಿಸಿಕೊಂಡಿತು. ಸ್ವಾಮಿಯವರು ಕೈಯಾಡಿಸಿ ನೋಡಿಕೊಂಡು, “ಅಡ್ಡಿ ಇಲ್ಲ, ಗಾಳಿ ಚೆನ್ನಾಗಿ ಆಡ್ತೈತೆ” ಎಂದರು. ಮರುದಿನ ಟೋಪಿ ಗೀಪಿ ಏನೂ ಇಲ್ಲದೆ, ಧರ್ಮಾಧ್ಯಕ್ಷರು, ಅಂದರೆ ಬಿಷಪ್ಪರು, ಬಂದಿದ್ದ ಸಭೆಯಲ್ಲಿ ಮುಂದಿನ ಸಾಲಿನಲ್ಲೇ ಹೋಗಿ ಕೂತರು! ಧರ್ಮಾಧ್ಯಕ್ಷರು ಆ ತಲೆಯನ್ನು ಎರಡು ಸಲ ನೋಡಿ, “ಈ ವರ್ಷ ಹೊಸ ಹುಡುಗರು ಎಷ್ಟು ಜನ ಬಂದರು ಫಾದರ್?” ಎಂದು ಕೇಳಿದರಂತೆ.

“ನನ್ನ ತಲೆ ನೋಡಿ ನೀವೇ ಎಣಿಸ್ಕಳ್ರಿ.”

ಇದೆಲ್ಲ ಯಾಕೆ ಫಾದರ್ ಎಂದು ನಾನು ಒಮ್ಮೆ ಕೇಳಿಯೇಬಿಟ್ಟೆ. ಅವರು ನಗಲಿಲ್ಲ. “ನಾಳೆ ಜನ ಬಂದು ತಮ್ಮ ಪಾಪ, ಸಂಕಟ, ಮನೆ ಗುಟ್ಟು ಎಲ್ಲಾ ನಿಮ್ಮ ಮುಂದೆ ಬಿಚ್ಚಿಡ್ತಾರೆ. ಈ ಹುಡುಗರನ್ನ ನಂಬ್ರಿ ಅಂತ ಅವರಿಗೆ ಹೇಳೋನು ನಾನು. ಎರಡು ಕೂದಲು ಕೊಡಾಕೆ ನಾನೇ ಹೆದರಿದ್ರೆ ಹೆಂಗೆ?” ಎಂದರು. ಇಂಥ ಮನುಷ್ಯನನ್ನು ಹುಚ್ಚನೆನ್ನುವುದೋ, ಅಡ್ಡಬೀಳುವುದೋ, ನೀವೇ ಹೇಳಿ!

ಸ್ವಾಮಿಯವರು ಹುಟ್ಟಿದ್ದು ಲೋಕಿಕೆರೆ ಕಡೆಯ ಒಕ್ಕಲು ಮನೆಯಲ್ಲಿ. ಹಾಗಾಗಿ ಪಾದ್ರಿ ತಯಾರಾಗುವುದು ಪ್ರಾರ್ಥನಾಲಯದಲ್ಲಲ್ಲ, ಅಡುಗೆಮನೆಯಲ್ಲಿ ಎಂಬುದು ಅವರ ಸಿದ್ಧಾಂತ. ಜೋಳದ ರೊಟ್ಟಿ ತಟ್ಟಲು ಬಾರದವನು ಚರ್ಚಿನಲ್ಲಿ ಬಲಿಪೂಜೆ ಹೇಳಬಾರದಂತೆ! ಮಂಗಳೂರಿನ ಕಡೆಯಿಂದ ಒಬ್ಬ ಬ್ರದರ್ (ಗುರುಮಠದ ಹುಡುಗರನ್ನು ಹಾಗೇ ಕರೆಯುವುದು) ಬಂದಿದ್ದ. ಹುಟ್ಟಿದಾಗಿನಿಂದ ಕುಚ್ಚಲಕ್ಕಿ ಗಂಜಿ ಬಿಟ್ಟು ಬೇರೆ ಕಂಡವನಲ್ಲ. ಅವನು ತಟ್ಟಿದ ರೊಟ್ಟಿ ಹಂಚಿಗೆ ಬೀಳುವ ಮೊದಲೇ ನಾಲ್ಕು ತುಂಡು, ಬಿದ್ದ ಮೇಲೆ ಕಲ್ಲು. ನಾವು ಬಿದ್ದು ಬಿದ್ದು ನಕ್ಕೆವು. ಊಟಕ್ಕೆ ಕೂತಾಗ ಸ್ವಾಮಿಯವರು ಬುಟ್ಟಿಯೆಲ್ಲ ಹುಡುಕಿ, ಆ ಕಲ್ಲುಗಳನ್ನೇ ಆರಿಸಿ ತಮ್ಮ ತಟ್ಟೆಗೆ ಹಾಕಿಕೊಂಡು, ಕಟಕಟನೆ ತಿಂದರು. ದಿನಾ ಅದೇ. ಸೀದದ್ದು, ಹರಿದದ್ದು, ಬೇಯದ್ದು ಎಲ್ಲ ಅವರ ಪಾಲಿಗೆ. ಸ್ವಾಮಿಯವರ ಹಲ್ಲು ಉಳಿಸುವುದಕ್ಕಾದರೂ ನಾವೆಲ್ಲ ರೊಟ್ಟಿ ಕಲಿಯಲೇಬೇಕಾಯಿತು! ಆ ಮಂಗಳೂರಿನವನು ಈಗ ಪಾದ್ರಿ. ಅವನ ರೊಟ್ಟಿ ಪೂರಿಯಂತೆ ಉಬ್ಬುತ್ತದೆ.

ಇನ್ನು ಪ್ರಬೋಧನೆಯ ತರಬೇತಿ. ಭಾನುವಾರ ಜನರೆದುರು ಮಾತಾಡುವ ಮೊದಲು ನಾವು ಕೊಟ್ಟಿಗೆಯಲ್ಲಿ ಎಮ್ಮೆಗಳೆದುರು ಮಾತಾಡಬೇಕಿತ್ತು. ಹೌದು, ಎಮ್ಮೆಗಳೆದುರು! ಸ್ವಾಮಿಯವರು ಮೂಲೆಯಲ್ಲಿ ಕೂತು ನಮ್ಮನ್ನು ನೋಡದೆ ಎಮ್ಮೆಗಳನ್ನೇ ನೋಡುತ್ತಿದ್ದರು. ಒಬ್ಬ ಬ್ರದರ್ ನರಕದ ಬೆಂಕಿಯ ಬಗ್ಗೆ ಎಂಥಾ ಅಬ್ಬರದಿಂದ ಮಾತಾಡಿದನೆಂದರೆ, ಆವತ್ತು ಸಂಜೆ ಒಂದು ಎಮ್ಮೆಯೂ ಹಾಲು ಕೊಡಲಿಲ್ಲ. ಎಲ್ಲರಿಗೂ ಕರಿ ಚಹಾ. “ನೋಡಪಾ, ಹೆದರಿಸಿದ್ರೆ ಯಾರೂ ಏನೂ ಕೊಡಲ್ಲ” ಎಂದಷ್ಟೇ ಹೇಳಿದರು. ನನ್ನ ಸರದಿ ಬಂದಾಗ ನಾನು ಕರುಣೆಯ ಬಗ್ಗೆ ಮೆಲ್ಲಗೆ ಮಾತಾಡಿದೆ. ದೊಡ್ಡ ಎಮ್ಮೆ ನಿಧಾನಕ್ಕೆ ಕಾಲು ಮಡಚಿ, ಮಲಗಿ, ಕಣ್ಣು ಮುಚ್ಚಿತು.

“ಇದು ಮರ್ಯಾದಸ್ತ ಎಮ್ಮೆ ಕಣಪಾ. ಜನ ಆದ್ರೆ ಕಣ್ಣು ಬಿಟ್ಕಂಡೇ ನಿದ್ದೆ ಮಾಡ್ತಾರೆ.”

ವರ್ಷಕ್ಕೊಮ್ಮೆ ಒಂದು ವಾರ ನಮಗೆ ಪೂರ್ತಿ ಮೌನ. ಪ್ರಾರ್ಥನೆ ಬಿಟ್ಟರೆ ಬಾಯಿಂದ ಒಂದು ಶಬ್ದ ಹೊರಡುವಂತಿಲ್ಲ. ಒಂದು ವರ್ಷ ಹೀಗೆ ಮೌನದಲ್ಲಿದ್ದಾಗ ಪಕ್ಕದ ಹಳ್ಳಿಯ ರೈತನೊಬ್ಬ ಏದುಸಿರು ಬಿಡುತ್ತಾ ಬಂದು, “ಸ್ವಾಮೇರ, ನಮ್ಮ ಹೋರಿ ತಪ್ಪಿಸ್ಕಂಡೈತೆ, ಈ ಕಡೆ ಬಂತೇನ್ರಿ?” ಎಂದ. ಸ್ವಾಮಿಯವರು ಬೆಳಿಗ್ಗೆ ತಿರುಗಾಡುವಾಗ ಅದನ್ನು ಕಂಡಿದ್ದರು. ಮಾತಾಡುವಂತಿಲ್ಲವಲ್ಲ, ಸುಮ್ಮನೆ ಕಾಲುವೆಯ ಕಡೆ ಬೆರಳು ತೋರಿಸಿದರು. ಹೋರಿ ಅಲ್ಲೇ ಮೇಯುತ್ತಿತ್ತು. ಅಷ್ಟೇ ಆಗಿದ್ದು. ಆದರೆ ಮರುದಿನ ಬೆಳಿಗ್ಗೆ ಗೇಟಿನ ಮುಂದೆ ತೆಂಗಿನಕಾಯಿ, ಬಾಳೆಹಣ್ಣು, ಊದಿನಕಡ್ಡಿ ಹಿಡಿದ ಜನವೋ ಜನ! ಕಳೆದದ್ದನ್ನು ಬೆರಳಲ್ಲೇ ತೋರಿಸಿಕೊಡುವ ಮೌನಿ ಸ್ವಾಮಿ ಬಂದಿದ್ದಾರಂತೆ! ತಲೆಯ ಕೂದಲೂ ಅದಕ್ಕೆ ತಕ್ಕಂತೆ ಇತ್ತಲ್ಲ, ಯಾರಿಗೂ ಅನುಮಾನ ಬರಲಿಲ್ಲ. ಒಬ್ಬಾಕೆಗೆ ಮೂಗುಬಟ್ಟು ಸಿಗಬೇಕು, ಇನ್ನೊಬ್ಬಾಕೆಗೆ ಓಡಿಹೋದ ಅಳಿಯ. ಸ್ವಾಮಿಯವರು ಕಂಗಾಲಾಗಿ ಕೈಮುಗಿದರು. ಬಿಡಲಿಲ್ಲ. ‘ಎಲ್ಲ ಮೇಲಿರುವವನಿಗೇ ಗೊತ್ತು’ ಎನ್ನುವಂತೆ ಆಕಾಶ ತೋರಿಸಿದರು. “ಮಳೆ ಬರ್ತೈತಂತೆ!” ಎಂದು ಜನ ಕೂಗಿದರು. ಸಂಜೆ ಮಳೆಯೂ ಬಂತಲ್ಲ, ಏನು ಮಾಡೋಣ? ನಮಗೋ ನಗು ತಡೆಯಲಾರದೆ ಹೊಟ್ಟೆ ಹಿಡಿದುಕೊಂಡು ಪ್ರಾರ್ಥನಾಲಯಕ್ಕೆ ಓಡುವುದೇ ಕೆಲಸ.

ಮೌನ ಮುಗಿದ ಕೂಡಲೇ ಅವರು ಗೇಟಿಗೆ ಹೋಗಿ, ಹೋರಿಯನ್ನು ತಾವು ಕಣ್ಣಾರೆ ಕಂಡಿದ್ದಷ್ಟೇ, ಇದರಲ್ಲಿ ಪವಾಡವೇನೂ ಇಲ್ಲವೆಂದು ವಿವರವಾಗಿ ಹೇಳಿದರು. ಎಲ್ಲ ಕೇಳಿಸಿಕೊಂಡ ಒಬ್ಬ ಮುದುಕ ಬೇಸರದಿಂದ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ. “ಬರ್ರಿ ಹೋಗಾನ. ಸ್ವಾಮೇರು ಮಾತಾಡದಿದ್ದಾಗಲೇ ಚೆನ್ನಾಗಿ ಹೇಳ್ತಿದ್ರು.” ಸ್ವಾಮಿಯವರು ಈ ಮಾತನ್ನು ಊಟದ ಮನೆಯಲ್ಲಿ ನಮಗೆಲ್ಲ ಹೇಳಿ ಮನಸಾರೆ ನಕ್ಕರು.

ಆದರೆ ಅದೇ ಮೌನದ ವಾರ ನನಗೆ ನಗೆಯ ನಡುವೆಯೂ ಒಂದು ಸಂಗತಿ ಖಚಿತವಾಯಿತು. ನಾನು ಪಾದ್ರಿಯಾಗಲು ಹುಟ್ಟಿದವನಲ್ಲ. ಬಹಳ ದಿನದಿಂದ ಒಳಗೇ ಕೊರೆಯುತ್ತಿದ್ದದ್ದು ಆ ಮೌನದಲ್ಲಿ ಎದ್ದು ನಿಂತಿತು. ದೇವರೆಂದರೆ ಪ್ರೀತಿ ಇತ್ತು. ಆದರೆ ನನ್ನನ್ನು ಕರೆದದ್ದು ಅವನಲ್ಲ, ಅವ್ವನ ಹರಕೆ. ಹೇಳುವುದು ಯಾರಿಗೆ? ಅವ್ವನಿಗೆ ಹೇಳುವ ಧೈರ್ಯವಿರಲಿಲ್ಲ. ಕೊನೆಗೆ ಎಮ್ಮೆಗೆ ಮೇವು ಹಾಕುತ್ತಿದ್ದ ಸ್ವಾಮಿಯವರ ಹತ್ತಿರ ಹೋಗಿ ಹೇಳಿಬಿಟ್ಟೆ.

“ಹುಡುಗಿ ಏನಾದ್ರೂ ಐತಾ?”

“ಇಲ್ಲ ಫಾದರ್.”

“ಇದ್ದಿದ್ರೆ ನಿಮ್ಮವ್ವಂಗೆ ಹೇಳಾದು ಸುಲಭ ಆಗ್ತಿತ್ತು ನೋಡು” ಎಂದು ನಿಟ್ಟುಸಿರು ಬಿಟ್ಟರು! ಒಂದು ತಿಂಗಳು ಪ್ರಾರ್ಥನೆ ಮಾಡಿ ಬಾ ಎಂದರು. ತಿಂಗಳ ಮೇಲೆಯೂ ನನ್ನ ಮಾತು ಬದಲಾಗಲಿಲ್ಲ. “ಆಯ್ತಪಾ. ಅವ್ವ ಹೊತ್ತ ಹರಕೇನ ಅವ್ವನ ಹತ್ರನೇ ಬಿಡಿಸ್ಕಬೇಕು. ನಾನೂ ಬರ್ತೀನಿ.”

ಗುರುಮಠ ಬಿಡುವವರು ಸಾಮಾನ್ಯವಾಗಿ ಯಾರಿಗೂ ಹೇಳದೆ, ಎಲ್ಲರೂ ಏಳುವ ಮೊದಲೇ ಟ್ರಂಕು ಎತ್ತಿಕೊಂಡು ಹೊರಟುಬಿಡುತ್ತಾರೆ. ತಿಂಡಿಗೆ ಬಂದಾಗ ಒಂದು ಕುರ್ಚಿ ಖಾಲಿ ಇರುತ್ತದೆ; ಯಾರೂ ಆ ಹೆಸರು ಎತ್ತುವುದಿಲ್ಲ. ನಾನೂ ಹಾಗೇ ಹೋಗಬೇಕೆಂದಿದ್ದೆ. ಸ್ವಾಮಿಯವರು ಬಿಡಬೇಕಲ್ಲ! “ಏನು ಕದ್ದೀಯಾ ಅಂತ ಕಳ್ಳನಂಗೆ ಹೋಗ್ತೀ?” ಎಂದು ಗದರಿ, ನನಗಾಗಿ ಪೂಜೆ ಅರ್ಪಿಸಿ, ಹೋಳಿಗೆ ಊಟ ಹಾಕಿಸಿ, ಮಟಮಟ ಮಧ್ಯಾಹ್ನ ದೊಡ್ಡ ಗೇಟಿನಿಂದಲೇ ಹೊರಡಿಸಿದರು. ಹುಡುಗರು ಎರಡೂ ಕಡೆ ಸಾಲಾಗಿ ನಿಂತು ಚಪ್ಪಾಳೆ ತಟ್ಟಿದರು. ಒಬ್ಬನಂತೂ ಡೋಲು ಬಡಿದ! ನಾಚಿಕೆಯಿಂದ ನೆಲ ಬಿರಿದು ನುಂಗಬಾರದೇ ಎನಿಸಿತು. ಆದರೂ ತಲೆ ತಗ್ಗಿಸಲಿಲ್ಲ. ತಗ್ಗಿಸಲು ಅವರು ಬಿಡಲಿಲ್ಲ.

ಹರಿಹರದಿಂದ ಇಬ್ಬರೂ ಬಸ್ಸಿನಲ್ಲಿ ದಾವಣಗೆರೆಗೆ, ಅಲ್ಲಿಂದ ಆಟೊ. ವಿನೋಬನಗರದ ನಮ್ಮ ಗಲ್ಲಿಗೆ ಬಂದಾಗ ಅವ್ವ ಬಾಗಿಲಲ್ಲೇ ನಿಂತಿದ್ದಳು. ಸ್ವಾಮಿಯವರು ಮೊದಲೇ ಫೋನು ಮಾಡಿ ವಿಷಯ ತಿಳಿಸಿದ್ದರು. ಅತ್ತೂ ಅತ್ತೂ ಅವಳ ಮುಖ ಊದಿತ್ತು. ಎರಡು ಕೈಯಲ್ಲೂ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

“ನೀವು ಒಳಗೆ ಬರ್ರಿ ಫಾದರ್. ಅವನು ಬ್ಯಾಡ.”

“ಯಾಕಮ್ಮಾ?”

“ಕೊಟ್ಟಿದ್ದನ್ನ ವಾಪಸ್ ಹೆಂಗೆ ಇಸ್ಕಳ್ಳಲಿ? ಆ ತಾಯಿಗೆ ಏನಂತ ಮುಖ ತೋರ್ಸಲಿ ನಾನು?”

ಗೌರಮ್ಮಜ್ಜಿ ಎದುರು ಕಟ್ಟೆಗೆ ಬಂದು ನಿಂತರು. ಅಕ್ಕಪಕ್ಕದ ಬಾಗಿಲುಗಳೂ ತೆರೆದವು. ನಾನು ಟ್ರಂಕು ಹಿಡಿದು ರಸ್ತೆಯ ಮೇಲೆ ನಿಂತಿದ್ದೆ. ನನಗೆ ಅಳು ಬಂದಿತ್ತು.

ನಮ್ಮಲ್ಲಿ ಗುರುದೀಕ್ಷೆಯ ದಿನ ಹೊಸ ಪಾದ್ರಿಯ ಅಂಗೈಗಳಿಗೆ ಪವಿತ್ರ ತೈಲ ಹಚ್ಚುತ್ತಾರೆ. ಪೂಜೆ ಮುಗಿದ ಮೇಲೆ ಜನ ಸಾಲುಗಟ್ಟಿ ಬಂದು ಆ ಅಂಗೈಗಳಿಗೆ ಮುತ್ತಿಡುತ್ತಾರೆ. ಮೊದಲ ಸರದಿ ಹೆತ್ತವಳದು. ಇಷ್ಟು ವರ್ಷ ಅವ್ವ ಕಾದದ್ದು ಆ ಒಂದು ಸರದಿಗೆ.

ಸ್ವಾಮಿಯವರು ಚಪ್ಪಲಿ ಬಿಟ್ಟರು. “ಕೈ ಚಾಚಪಾ” ಎಂದರು. ನಾನು ಟ್ರಂಕು ಕೆಳಗಿಟ್ಟೆ. ಅವರು ನಮ್ಮ ಮನೆಯ ಮುಂದಿನ ಸಿಮೆಂಟು ರಸ್ತೆಯ ಮೇಲೆ, ಇಡೀ ಗಲ್ಲಿ ನೋಡುತ್ತಿರುವಂತೆ, ನನ್ನ ಮುಂದೆ ಮಂಡಿಯೂರಿದರು. ಎಣ್ಣೆ ಕಾಣದ ನನ್ನ ಎರಡೂ ಅಂಗೈಗಳನ್ನು ಹಿಡಿದು, ಒಂದಕ್ಕಾದ ಮೇಲೆ ಒಂದಕ್ಕೆ ಮುತ್ತಿಟ್ಟರು.

“ಅಮ್ಮಾ, ನೀವು ಕೊಟ್ಟಿದ್ದನ್ನ ದೇವರು ಬ್ಯಾಡ ಅಂದಿಲ್ಲ. ತಗಂಡಾನೆ. ಕೈಯಾಗೆ ಹಿಡಕಂಡು ಚೆನ್ನಾಗಿ ನೋಡ್ಯಾನೆ. ಆಮೇಲೆ, ಇದು ಅವರವ್ವನ ಹತ್ರನೇ ಇರ್ಲಿ ಅಂತ ನನ್ನ ಕೈಲಿ ಕೊಟ್ಟು ಕಳಿಸ್ಯಾನೆ.”

ಅವ್ವ ಅಲುಗಾಡಲಿಲ್ಲ. ಸ್ವಾಮಿಯವರು ಏಳಲು ನೋಡಿದರು, ಆಗಲಿಲ್ಲ. “ಯಾರಾದ್ರೂ ಎಬ್ಬಿಸ್ರಪಾ, ಮಂಡಿ ಹಿಡಕಂಡುಬಿಟ್ಟೈತೆ!”

ಅವ್ವ ಚೌಕಟ್ಟು ಬಿಟ್ಟು ಓಡಿ ಬಂದಳು. ಒಂದು ಕಡೆ ಅವಳು, ಒಂದು ಕಡೆ ನಾನು ಹಿಡಿದು ಅವರನ್ನು ಎತ್ತಿ ನಿಲ್ಲಿಸಿದೆವು. ಅವರು ನಿಂತ ಮೇಲೆ ಅವ್ವ ಅವರ ತೋಳು ಬಿಟ್ಟಳು, ನನ್ನ ಕೈ ಹಿಡಿದಳು. ಅಂಗೈ ಬಿಡಿಸಿ ಸ್ವಲ್ಪ ಹೊತ್ತು ಅದನ್ನೇ ನೋಡಿದಳು. ಆಮೇಲೆ ಅದನ್ನು ಎತ್ತಿ ತನ್ನ ಎರಡೂ ಕಣ್ಣಿಗೆ ಒತ್ತಿಕೊಂಡಳು.